ಅತ್ತೆ ವಸ್ತಿಗೆ ಬಂದದ್ದು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಹೇಳಿದವರು ಯಾರೋ ಗೊತ್ತಿಲ್ಲ, ಅವರು ಬಾಡಿಗೆ ಮನೆ ಹುಡುಕಿದವರಂತೂ ಅಲ್ಲ. ಮನೆ ಕಟ್ಟುವವರಿಗೆ ಬೈಯಲಿಕ್ಕೆ ಒಬ್ಬ ಗೌಂಡಿಯಾದರೂ ಸಿಗುತ್ತಾನೆ. ಹುಡುಕುವವರಿಗೆ ಸಿಗುವುದು ಬುದ್ಧಿಮಾತು. ಕೇಳಿದರೂ ಸಿಗುತ್ತದೆ, ಕೇಳದಿದ್ದರೂ ಸಿಗುತ್ತದೆ.

ನಾನು ದೀಪಾಲಿ. ಸೋಲಾಪುರದ ಒಂದು ಖಾಸಗಿ ದವಾಖಾನೆಯಲ್ಲಿ ನರ್ಸು. ನನ್ನ ಗಂಡ ಮೈಲಾರಲಿಂಗ, ಎಲ್ಲರ ಬಾಯಲ್ಲಿ ಮೈಲಾರಿ, ಅಕ್ಕಲಕೋಟದಲ್ಲಿ ಮೋಟಾರು ರಿಪೇರಿಯ ಅಂಗಡಿ ಇಟ್ಟಿದ್ದಾರೆ. ಮನೆ ಇದ್ದದ್ದು ನಾಗಣಸೂರಿನಲ್ಲಿ, ಅಂದರೆ ಅಕ್ಕಲಕೋಟದಿಂದಲೂ ಆಚೆ, ಗಡಿಯ ಹತ್ತಿರ. ನಮ್ಮದು ಕುರಿಯವರ ಮನೆತನ. ಮಾವ ಹಣಮಂತಪ್ಪ ಹಿಂಡಿನ ಜೊತೆ ಹೊರಟರೆಂದರೆ ಮಳೆಗಾಲಕ್ಕೇ ಮನೆಗೆ ಬರುವುದು. ಮನೆಯಲ್ಲಿ ಅತ್ತೆ ತುಳಜಾಬಾಯಿ, ಭಾವ, ನಾನು ದೊಡ್ಡಕ್ಕ ಅಂತ ಕರೆಯುವ ಅವರ ಹೆಂಡತಿ, ಮತ್ತು ನನ್ನ ಮಗಳು ಛಾಯಾ. ಅವಳನ್ನು ಈ ಜೂನಿಗೆ ಬಾಲವಾಡಿಗೆ ಹಾಕಬೇಕಿತ್ತು.

ನಾನು ನಸುಕಿನಲ್ಲಿ ಹೊರಟು ಅಕ್ಕಲಕೋಟದಲ್ಲಿ ಬಸ್ಸು ಬದಲಿಸಿ ಸೋಲಾಪುರ ಮುಟ್ಟುತ್ತಿದ್ದೆ. ತಿರುಗಿ ಬರುವಷ್ಟರಲ್ಲಿ ಕತ್ತಲಾಗಿರುತ್ತಿತ್ತು. ಹೋಗುವಾಗಲೂ ಛಾಯಾ ಮಲಗಿರುತ್ತಿದ್ದಳು, ಬಂದಾಗಲೂ ಮಲಗಿರುತ್ತಿದ್ದಳು. ಒಂದು ರವಿವಾರ ಎರೆಯಲು ಕೂಡಿಸಿಕೊಂಡರೆ ತಂಬಿಗೆ ಕಸಿದುಕೊಂಡು, ‘ನಿನಗ ಬರಂಗಿಲ್ಲ, ಬಿಡು. ಆಯಿ ಎರೀತಾಳ’ ಅಂದು ಅಜ್ಜಿಯ ಕಡೆ ಓಡಿದಳು. ಅವತ್ತೇ ಗಂಡನಿಗೆ ಹೇಳಿದೆ, ‘ಇನ್ನ ಸಾಕ್ರಿ. ಎಲ್ಲಿಯಾದ್ರೂ ನಡುವ ಮನಿ ಮಾಡೂಣು. ನೀವೂ ಅಕ್ಕಲಕೋಟಕ್ಕ ಹೋಗಿ ಬರಬೇಕು, ನಾನೂ ಸೋಲಾಪುರಕ್ಕ ಹೋಗಿ ಬರಬೇಕು, ಹುಡುಗಿ ಕಣ್ಣ ಮುಂದ ಇರಬೇಕು.’

‘ನೀ ಹೇಳ್ದಂಗ’ ಅಂದರು.

ಈ ‘ನೀ ಹೇಳ್ದಂಗ’ ಎಂಬುದು ನನ್ನ ಗಂಡನ ತಾರಕ ಮಂತ್ರ. ಇದರಿಂದ ಅವರು ಎಷ್ಟು ಜಗಳ ದಾಟಿದ್ದಾರೋ ನಮ್ಮ ಕುಲದೇವರು ಬಿರೋಬನಿಗೇ ಗೊತ್ತು. ನಾನೋ, ಸಿಟ್ಟು ಮೂಗಿನ ತುದಿಯಲ್ಲೇ ಇರುವವಳು. ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಬರುವುದಿಲ್ಲ. ಎದುರಿಗೆ ಯಾರಿದ್ದಾರೆ, ಏನಂದುಕೊಳ್ಳುತ್ತಾರೆ ಅಂತ ನೋಡುವಷ್ಟರಲ್ಲಿ ಮಾತು ಆಡಿ ಮುಗಿದಿರುತ್ತದೆ.

ದವಾಖಾನೆಯ ಮೇಟ್ರನ್‌ಗೆ ಹೋಗಿ ವಿಷಯ ಹೇಳಿದೆ. ಒಳ್ಳೆಯ ಹೆಂಗಸು, ಆದರೆ ಕಟ್ಟುನಿಟ್ಟು. ಬರುವ ತಿಂಗಳಿಂದ ಬರೀ ದಿನಪಾಳಿ ಕೊಡುತ್ತೇನೆ, ಆದರೆ ಬಸ್ಸು ತಪ್ಪಿತು, ಮಗುವಿಗೆ ಜ್ವರ ಬಂತು ಅಂತ ರಜೆ ಹಾಕಿದರೆ ನಡೆಯುವುದಿಲ್ಲ, ಅಂದರು. ‘ಜಮತ ನಸೇಲ ತರ ಆತ್ತಾಚ ಸಾಂಗ’ ಅಂದರು. ಆಗದಿದ್ದರೆ ಈಗಲೇ ಹೇಳಿಬಿಡು ಅಂತ. ಜಮತಂಯ, ಆಗುತ್ತದೆ, ಅಂದು ಬಂದೆ.

ಹೇಗೆ ಆಗುತ್ತದೆ? ಬಾಲವಾಡಿ ಮಧ್ಯಾಹ್ನಕ್ಕೇ ಬಿಡುತ್ತದೆ. ನಾವಿಬ್ಬರೂ ಸಂಜೆಯವರೆಗೆ ಹೊರಗೆ. ಅತ್ತೆ ನಮ್ಮ ಜೊತೆ ಬಂದು ಇದ್ದರೆ ಮಾತ್ರ ಎಲ್ಲವೂ ಹೊಂದುತ್ತದೆ. ಬರದಿದ್ದರೆ ನಾನು ನೌಕರಿ ಬಿಡಬೇಕು, ಇಲ್ಲವೆ ಮಗಳನ್ನು ನಾಗಣಸೂರಿನಲ್ಲೇ ಬಿಟ್ಟು ರವಿವಾರದ ತಾಯಿಯಾಗಬೇಕು. ಲೆಕ್ಕ ಇಷ್ಟೇ.

‘ಅತ್ತೀನ್ನ ಕೇಳ್ತೀನಿ’ ಅಂದೆ ಗಂಡನಿಗೆ.

ಯಾವತ್ತೂ ಮಾತಾಡದ ಮನುಷ್ಯ ಅವತ್ತು ಮಾತಾಡಿದರು. ‘ನೀ ಕೇಳಬ್ಯಾಡ. ನೀ ಕೇಳಿದ್ರ ಕೇಳಿದಂಗ ಇರಂಗಿಲ್ಲ, ಜಗಳಕ್ಕ ಕರದಂಗ ಇರ್ತೈತಿ. ಮೊದಲ ಮನಿ ಸಿಗಲಿ. ನಾ ಕೇಳ್ತೀನಿ.’

ನಿಜ ಹೇಳಬೇಕೆಂದರೆ ನನಗೂ ಅದೇ ಬೇಕಾಗಿತ್ತು. ಊರಿಗೆಲ್ಲ ಎದುರು ನಿಲ್ಲುವ ನಾನು ಅತ್ತೆಯ ಎದುರು ಈ ಒಂದು ಮಾತಿಗೆ ನಿಲ್ಲಲಾರೆ ಅನಿಸುತ್ತಿತ್ತು. ಅವರು ಮಾತು ಕಡಿಮೆ. ‘ಊಹೂಂ’ ಅಂದುಬಿಟ್ಟರೆ ಮುಗಿಯಿತು, ಅದಕ್ಕೆ ಮೇಲೆ ಅಪೀಲು ಇಲ್ಲ.

ಇನ್ನು ಬುದ್ಧಿಮಾತಿಗೆ ಬರೋಣ. ಸೋಲಾಪುರದ ಒಳಗೇ ಮಾಡು, ದೊಡ್ಡ ಶಾಲೆಗಳಿವೆ ಅಂತ ಜೊತೆಯ ನರ್ಸುಗಳು. ಒಳಗೆ ಬೇಡವೇ ಬೇಡ, ಬಾಡಿಗೆ ಕೇಳಿದರೆ ಕಣ್ಣು ಕತ್ತಲೆ ಬರುತ್ತದೆ, ಹದ್ದವಾಢದಲ್ಲಿ ನೋಡು ಅಂತ ಔಷಧ ಅಂಗಡಿಯ ಕಲ್ಲಣ್ಣ. ನಗರದ ಹದ್ದು ಹಿಗ್ಗಿಸಿ ಒಳಗೆ ಸೇರಿಸಿಕೊಂಡ ಊರುಗಳಿಗೆ ನಮ್ಮಲ್ಲಿ ಹದ್ದವಾಢ ಅನ್ನುತ್ತಾರೆ. ಅಲ್ಲಿಯವರು ಟ್ಯಾಕ್ಸು ಕಟ್ಟಲಿಕ್ಕೆ ನಗರದವರು, ನೀರಿಗೆ ಹಳ್ಳಿಯವರು ಅಂತ ಕಲ್ಲಣ್ಣನೇ ನಗುತ್ತಾನೆ, ಮತ್ತೆ ಅಲ್ಲೇ ನೋಡು ಅನ್ನುತ್ತಾನೆ. ಅಕ್ಕಲಕೋಟದಲ್ಲೇ ಇರ್ರಿ, ಸ್ವಾಮಿಗಳ ಊರು, ಯಾರೂ ಉಪವಾಸ ಮಲಗುವುದಿಲ್ಲ ಅಂತ ಭಾವ. ನನ್ನ ತಂದೆ ಧರೆಪ್ಪ ಬೋರಾಮಣಿಯಿಂದ ಫೋನು ಮಾಡಿ, ‘ನಮ್ಮ ವಸ್ತಿ ಮ್ಯಾಲ ಒಂದು ಖೋಲಿ ಹಾಕಿ ಕೊಡ್ತೀನಿ, ಬಾ’ ಅಂದರು. ಬೋರಾಮಣಿ ಬೇರೆಯೇ ರಸ್ತೆ. ಅಲ್ಲಿಂದ ಅಕ್ಕಲಕೋಟಕ್ಕೆ ನನ್ನ ಗಂಡ ಹಾರಿ ಹೋಗಬೇಕು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಎಲ್ಲರ ಮಾತು ಕೇಳಿದ ಮೇಲೆ ಯಾವುದು ಹತ್ತಿರ, ಯಾವುದು ದೂರ, ಯಾವುದು ಸೋವಿ, ಯಾವುದು ದುಬಾರಿ, ಒಂದೂ ತಿಳಿಯದಂತಾಯಿತು.

ಕೊನೆಗೆ ಒಬ್ಬ ಏಜೆಂಟನನ್ನು ಹಿಡಿದೆವು. ಶೈಲೇಶ ಅಂತ. ಮಾತಿಗೆ ಮೊದಲು ‘ವೈನಿ’, ಅಂದರೆ ಅತ್ತಿಗೆ, ಮಾತಿನ ಕೊನೆಗೆ ‘ದಹಾ ಮಿನಿಟ’. ಮನೆ ಎಲ್ಲಿಯೇ ಇರಲಿ, ಅವನ ಪ್ರಕಾರ ಅಲ್ಲಿಂದ ಬಸ್ ಸ್ಟ್ಯಾಂಡ್ ಹತ್ತು ನಿಮಿಷ, ಶಾಲೆ ಹತ್ತು ನಿಮಿಷ, ದವಾಖಾನೆಯೂ ಹತ್ತು ನಿಮಿಷ.

ಮೊದಲ ಮನೆ ನೋಡಲು ಹೊರಟ ದಿನ ಅತ್ತೆ ತಾವಾಗಿಯೇ ಅಂದರು, ‘ನಾನೂ ಬರ್ತೀನಿ. ಪ್ಯಾಟಿ ಮಂದಿ ಮನಿ ಹೆಂಗಿರ್ತಾವ ನೋಡೂಣು.’ ನಾನು ಗಂಡನ ಕಡೆ ನೋಡಿದೆ. ಇದು ಒಳ್ಳೆಯ ಲಕ್ಷಣ ಅಂತ ಅವರು ಕಣ್ಣಲ್ಲೇ ಹೇಳಿದರು. ನನಗೂ ಹಾಗೇ ಅನಿಸಿತು.

ಅದು ಹದ್ದವಾಢದ ಒಂದು ಅಪಾರ್ಟ್‌ಮೆಂಟು, ಮೂರನೆಯ ಮಜಲೆ. ಲಿಫ್ಟಿನ ಬಾಗಿಲಿಗೆ ಯಾರೋ ಸೈಕಲ್ಲು ಒರಗಿಸಿದ್ದರು, ಅಂದರೆ ಅದು ನಡೆಯುವುದಿಲ್ಲ ಅಂತ ಅರ್ಥ.

‘ಫ್ಯಾಮಿಲಿ ಏರಿಯಾ ಆಹೆ ವೈನಿ. ಏನ್ ಟೆನ್ಶನ್ ಇಲ್ಲ’ ಅಂದ ಶೈಲೇಶ.

‘ನಳ ಯಾವಾಗ ಬರ್ತೈತಿ?’

‘ಬರ್ತೈತಿ ವೈನಿ.’

‘ಯಾವಾಗ?’

‘ಬರೂ ದಿನ ಬರ್ತೈತಿ.’

ಅವನ ಜೊತೆ ನಾನು ಜಗಳಕ್ಕೆ ನಿಂತಾಗ ಅತ್ತೆ ಬಾಲ್ಕನಿಗೆ ಹೋಗಿ ಛಾಯಾಳನ್ನು ಗಟ್ಟಿಯಾಗಿ ಹಿಡಿದುಕೊಂಡು ಕೆಳಗೆ ನೋಡುತ್ತಿದ್ದರು. ‘ಇಷ್ಟು ಮ್ಯಾಲ ಕುಂತ್ರ ಬಾಗಲಿಗಿ ಯಾರು ಬಂದ್ರು, ಯಾರು ಹೋದ್ರು ಹೆಂಗ ತಿಳೀಬೇಕು?’ ಅಂದರು. ಆ ಮನೆ ಅಲ್ಲಿಗೆ ಮುಗಿಯಿತು. ಸೋಲಾಪುರದ ಒಳಗೆ ಹೋದಷ್ಟೂ ಇವರ ಅಂಗಡಿ ದೂರವಾಗುತ್ತಿತ್ತು ಕೂಡ.

ಎರಡನೆಯದು ಕುಂಭಾರಿಯ ಕಡೆಗೆ, ಸಾಲುಮನೆಗಳ ಹೊಸ ಕಾಲೊನಿ. ಚೊಕ್ಕ ಮನೆ, ಮುಂದೆ ಅಂಗಳ, ಪಕ್ಕದಲ್ಲೇ ಬಾಲವಾಡಿ. ನನಗೆ ಕಂಡ ಕೂಡಲೇ ಮನಸ್ಸಿಗೆ ಬಂತು. ಮೊದಲು ಬಾಲವಾಡಿ ನೋಡಿ ಬರೋಣ ಅಂತ ಹೋದೆವು. ಟೀಚರು ಚಿಕ್ಕ ವಯಸ್ಸಿನವಳು, ನಗುಮುಖ. ಛಾಯಾಳ ಮುಂದೆ ಕುಕ್ಕರುಗಾಲಲ್ಲಿ ಕೂತು ಮರಾಠಿಯಲ್ಲಿ, ‘ಬಾಳ, ತುಝಿ ಆಯಿ ಕುಠಂಯ?’ ಅಂದಳು.

ಛಾಯಾಳಿಗೆ ಗೊತ್ತಿದ್ದ ಶಬ್ದ ಅದರಲ್ಲಿ ಒಂದೇ. ಓಡಿಹೋಗಿ ಅತ್ತೆಯ ಸೀರೆ ಹಿಡಿದುಕೊಂಡಳು.

ಮರಾಠಿಯಲ್ಲಿ ಆಯಿ ಅಂದರೆ ತಾಯಿ; ಟೀಚರು ಕೇಳಿದ್ದು ನಿನ್ನ ತಾಯಿ ಎಲ್ಲಿ ಅಂತ. ನಮ್ಮ ಕಡೆಯ ಕನ್ನಡದಲ್ಲಿ ಆಯಿ ಅಂದರೆ ಅಜ್ಜಿ. ಎರಡು ಭಾಷೆಯ ನಡುವೆ ಬೆಳೆದ ನನಗೆ ಇದು ತಿಳಿಯದ್ದೇನಲ್ಲ. ಆದರೂ ಆ ಟೀಚರು ಅತ್ತೆಗೆ ಕೈ ಮುಗಿದು, ನನ್ನ ಕಡೆ ತಿರುಗಿ, ‘ಆಣಿ ತುಮ್ಹಿ ಮಾವಶಿ ಕಾ?’ ನೀವು ಚಿಕ್ಕಮ್ಮನಾ, ಅಂತ ಕೇಳಿದಾಗ ನಾನು ಛಾಯಾಳನ್ನು ನನ್ನ ಕಡೆ ಎಳೆದುಕೊಂಡೆ. ಗಂಡನೇ ಮುಂದೆ ಬಂದು, ‘ಹಿ ಆಯಿ, ತಿ ಆಜಿ’ ಅಂತ ಬಿಡಿಸಿ ಹೇಳಿದರು. ಟೀಚರು ನಕ್ಕಳು, ಅತ್ತೆ ನಕ್ಕರು. ನಾನು ನಗಲಿಲ್ಲ.

ಆ ಸಿಟ್ಟು ಇಳಿಯುವ ಮೊದಲೇ ಮನೆಯ ಮಾಲಕರು ಬಂದರು. ನಿವೃತ್ತ ಗೃಹಸ್ಥರು, ಕನ್ನಡಕ ಒರೆಸಿ ಒರೆಸಿ ನಮ್ಮನ್ನು ನೋಡಿದರು. ಅವರಿಗೆ ಫ್ಯಾಮಿಲಿಯೇ ಬೇಕಂತೆ. ಫ್ಯಾಮಿಲಿಯೇ ಇದ್ದೇವೆ ಅಂದೆ. ಫ್ಯಾಮಿಲಿ ಅಂದರೆ ಗಂಡ, ಹೆಂಡತಿ, ಒಂದೆರಡು ಮಕ್ಕಳು ಅಂತ ಅವರು ವಿವರಿಸಿದರು. ಆಮೇಲೆ ಅತ್ತೆಯ ಹೆಗಲ ಮೇಲಿನ ಕಂಬಳಿ ನೋಡಿ, ಊರ ಕಡೆಯ ಮಂದಿ ಬಂದು ಬಂದು ಇರುತ್ತಾರೇನು ಅಂತ ಮರಾಠಿಯಲ್ಲಿ ಕೇಳಿದರು. ಅತ್ತೆಗೆ ಮರಾಠಿ ಆಡಲು ಬಾರದು, ತಿಳಿಯುತ್ತದೆ.

‘ನಮ್ಮ ಮನ್ಯಾಗ ಯಾರು ಬರಬೇಕು, ಯಾರು ಬರಬಾರದು ಅಂತ ನಿಮಗ ಯಾಕ್ರಿ ಲೆಕ್ಕಾ ಕೊಡಬೇಕು? ನಿಮ್ಮ ಮನಿ ನೀವ ಇಟ್ಕೋರಿ, ಉಪ್ಪ ಹಚ್ಚಿ ಇಟ್ಕೋರಿ!’ ಅಂದೆ. ಶೈಲೇಶ ‘ವೈನಿ, ವೈನಿ’ ಅನ್ನುತ್ತ ಹಿಂದೆ ಓಡಿ ಬಂದ. ಗಂಡ ತಲೆ ತಗ್ಗಿಸಿಕೊಂಡು, ಕೇಳಿ ತಂದಿದ್ದ ಗಾಡಿ ಚಾಲೂ ಮಾಡಿದರು. ಅತ್ತೆ ಮಾತ್ರ ಏನೂ ಆಗಿಲ್ಲವೆಂಬಂತೆ ಎಲೆ ಅಡಿಕೆ ಹಾಕಿಕೊಂಡರು.

ಹೀಗೆ ಚೊಕ್ಕ ಮನೆ ಹೋಯಿತು, ಬಾಲವಾಡಿ ಹೋಯಿತು. ಮನೆಗೆ ಬಂದು ಪಶ್ಚಾತ್ತಾಪವೂ ಆಯಿತು. ಒಂದು ಮಾತು ನುಂಗಿದ್ದರೆ ಗಂಟೇನು ಹೋಗುತ್ತಿತ್ತು? ಆದರೆ ನುಂಗಿ ಆ ಮನೆಗೆ ಹೋಗಿದ್ದರೆ ಅತ್ತೆ ಯಾವ ಮುಖ ಇಟ್ಟುಕೊಂಡು ಬರುತ್ತಿದ್ದರು? ಅತ್ತೆಯನ್ನು ಬಿಟ್ಟು ಆ ಮನೆ ಏಕೆ? ಯೋಚಿಸಿದಷ್ಟೂ ತಲೆ ಗಿರಗಿಟ್ಟಲೆಯಾಯಿತು. ನಾಲ್ಕು ಜನಕ್ಕೆ ಹೊಂದುವ ಒಂದು ಮನೆ ಈ ರಸ್ತೆಯ ಮೇಲೆ ಎಲ್ಲೂ ಇಲ್ಲವೇನೋ ಅನಿಸಿತು.

ವಳಸಂಗದ ಮನೆ ಸಿಕ್ಕಿದ್ದು ಶೈಲೇಶನಿಂದಲ್ಲ. ನಾನು ದಿನಾ ಹೋಗುವ ಬಸ್ಸಿನಲ್ಲಿ ನಡುದಾರಿಯ ವಳಸಂಗದಿಂದ ಹತ್ತುವವರು ಬಹಳ. ಅವರಲ್ಲಿ ಒಬ್ಬಳು ನನ್ನ ಪರದಾಟ ಕೇಳಿ ಗುರುಬಾಯಿ ಅನ್ನುವವರ ಮನೆ ಹೇಳಿದಳು. ಹೋಗಿ ನೋಡಿದೆವು. ಎರಡು ಖೋಲಿ, ಒಂದು ಪಡಸಾಲೆ, ಅಂಗಳದಲ್ಲಿ ಬೇವಿನ ಗಿಡ. ಬಾಡಿಗೆ ನಮ್ಮ ಕೈಗೆ ಎಟುಕುವಂಥದ್ದು. ಸೋಲಾಪುರಕ್ಕೂ ಬಸ್ಸು, ಅಕ್ಕಲಕೋಟಕ್ಕೂ ಬಸ್ಸು. ಏನು ಕೇಳಿದರೂ ಗುರುಬಾಯಿ ಕನ್ನಡದಲ್ಲಿ ನೇರ ಉತ್ತರ ಕೊಟ್ಟರು.

‘ನೀರಿಂದು ಚಿಂತಿ ಬ್ಯಾಡವಾ, ಬೋರ್ ಐತಿ. ಹಾವ ಹುಳ ಏನಿಲ್ಲ. ಬಾಲವಾಡಿ ಈ ಓಣಿ ದಾಟಿದ್ರ ಬಂತು. ಕರಂಟ ಹೋಗ್ತೈತಿ, ಬರ್ತೈತಿ. ಯಾರ್ಯಾರು ಇರ್ತೀರಿ?’

ನಾನು ಗಂಡನ ಮುಖ ನೋಡಿದೆ. ಗಂಡ ಬೇವಿನ ಗಿಡ ನೋಡಿದರು. ಅತ್ತೆ ಆ ಗಿಡದ ಕೆಳಗೆ ಛಾಯಾಳಿಗೆ ಬಿದ್ದ ಬೇವಿನಕಾಯಿ ಆರಿಸಿ ಕೊಡುತ್ತಿದ್ದರು.

‘ಹೇಳ್ತೀವ್ರಿ’ ಅಂದೆ ನಾನು.

ಬಸ್ಸಿನಲ್ಲಿ ಬರುವಾಗ ಗಂಡನ ಕಿವಿ ಕಚ್ಚಿದೆ: ‘ಇವತ್ತ ಕೇಳ್ಬೇಕು. ಕೇಳಲಿಲ್ಲಂದ್ರ ನಾನೇ ಕೇಳ್ತೀನಿ.’ ಮಾರನೆಯ ದಿನ ಡ್ಯೂಟಿಯಲ್ಲಿದ್ದಾಗ ಅವರ ಫೋನು ಬಂತು. ಅಂಗಡಿಯ ಗದ್ದಲದ ನಡುವೆ ಅವರ ಧ್ವನಿ ಹಗುರಾಗಿತ್ತು.

‘ಕೇಳೀನಿ. ವಸ್ತಿಗಿ ಬರ್ತೀನಿ ಅಂದ್ಳು ಅವ್ವ.’

‘ಖರೇ?’

‘ಅಂದ್ಳು.’

ವಾರ್ಡಿನಲ್ಲಿ ಸಲೈನು ಹಿಡಿದುಕೊಂಡು ನಾನು ಕುಣಿಯುವುದೊಂದು ಬಾಕಿ. ನಮ್ಮ ಬೋರಾಮಣಿಯಲ್ಲಿ ನಮ್ಮಪ್ಪ ಹಳೆಯ ಕಾಲದಲ್ಲೇ ಕುರಿ ಮಾರಿ ಹೊಲ ಹಿಡಿದವರು. ಊರು ಬಿಟ್ಟು ಹೊಲದಲ್ಲೇ ಮನೆ ಕಟ್ಟಿಕೊಂಡು ಇದ್ದಾರೆ. ಅದಕ್ಕೆ ಧರೆಪ್ಪನ ವಸ್ತಿ ಅಂತಲೇ ಹೆಸರು. ಅಲ್ಲಿ ನಾನು ಹುಟ್ಟಿದ್ದೇನೆ, ಬೆಳೆದಿದ್ದೇನೆ. ವಸ್ತಿಗೆ ಬಂದರು ಅಂದರೆ ಗಂಟುಮೂಟೆ ಕಟ್ಟಿಕೊಂಡು ಬಂದರು, ಒಲೆ ಹೂಡಿದರು, ಅಲ್ಲಿಯವರಾದರು ಅಂತ ಅರ್ಥ. ನಾನು ಅವತ್ತೇ ಗುರುಬಾಯಿಗೆ ಮುಂಗಡ ಕಳಿಸಿದೆ, ಮೇಟ್ರನ್‌ಗೆ ಸೋಮವಾರದಿಂದ ದಿನಪಾಳಿ ಪಕ್ಕಾ ಅಂದೆ. ಅತ್ತೆಗೆ ಅಂತ ಒಂದು ಹೊಸ ಗಾದಿಯನ್ನೂ ಕೊಂಡುಕೊಂಡು ಬಂದೆ.

ರವಿವಾರ ಟೆಂಪೋದಲ್ಲಿ ಸಾಮಾನು ಬಂದವು. ಅತ್ತೆ ಹಿಂದಿನಿಂದ ಬಸ್ಸಿನಲ್ಲಿ ಬಂದರು. ಕಂಕುಳಲ್ಲಿ ಒಂದು ಬಟ್ಟೆಯ ಚೀಲ, ಹೆಗಲ ಮೇಲೆ ಕಂಬಳಿ, ಅಷ್ಟೇ. ಉಳಿದದ್ದು ಆಮೇಲೆ ತರುತ್ತಾರೆ ಅಂದುಕೊಂಡೆ. ಹಾಲುಕ್ಕಿಸಿದರು, ಗೋದಿ ಹುಗ್ಗಿ ಮಾಡಿದರು, ಗುರುಬಾಯಿಯ ಜೊತೆ ಪಡಸಾಲೆಯಲ್ಲಿ ಕೂತು ಹರಟಿದರು. ಹೊಸ ಗಾದಿಯನ್ನು ಕೈಯಿಂದ ಒತ್ತಿ ನೋಡಿ ಬದಿಗೆ ಸರಿಸಿ, ನೆಲದ ಮೇಲೆ ಕಂಬಳಿ ಹಾಸಿ ಛಾಯಾಳನ್ನು ಮಗ್ಗುಲಿಗೆ ಎಳೆದುಕೊಂಡು ಮಲಗಿದರು. ನನಗೆ ಬಹಳ ದಿನಗಳ ಮೇಲೆ ಒಳ್ಳೆಯ ನಿದ್ದೆ ಬಂತು.

ಬೆಳಿಗ್ಗೆ ನಾನು ರೊಟ್ಟಿ ಬಡಿದು ಡಬ್ಬಿ ಕಟ್ಟಿ ಡ್ಯೂಟಿಯ ಬಟ್ಟೆ ಹಾಕಿಕೊಂಡು ಹೊರಗೆ ಬಂದರೆ ಅತ್ತೆ ಕಂಬಳಿ ಮಡಚಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. ಚೀಲ ಕಂಕುಳಲ್ಲಿತ್ತು.

‘ಬರ್ತೀನವಾ. ಮನಿ ಛಲೋ ಐತಿ’ ಅಂದರು.

‘ಎಲ್ಲಿಗ್ರಿ?’

‘ಎಲ್ಲಿಗಿ ಅಂದ್ರ? ಊರಿಗಿ. ವಸ್ತಿ ಆತಲ್ಲ.’

ನಾನು ಮೊದಲು ನಕ್ಕೆ. ಅತ್ತೆ ಚೇಷ್ಟೆ ಮಾಡುವವರಲ್ಲ ಅಂತ ನೆನಪಾಗಿ ನಗು ಅಲ್ಲೇ ನಿಂತಿತು. ‘ಅತ್ತಿ, ನೀವ ವಸ್ತಿಗಿ ಬರ್ತೀನಿ ಅಂದಿದ್ರಿ!’

‘ಬಂದ್ನಲ್ಲ.’

‘ವಸ್ತಿಗಿ ಅಂದ್ರ ಇರಾಕ್ರಿ!’

‘ಇರಾಕ ಬರೂದಾದ್ರ ಇರಾಕ ಬರ್ತೀನಿ ಅಂತಾರ. ವಸ್ತಿ ಅಂದ್ರ ವಸ್ತಿ. ಒಂದ ರಾತ್ರಿ ಕಳ್ಯೂದು, ನಸಿಕಿನ್ಯಾಗ ಏಳೂದು.’

ಆಗ ಹೊಳೆಯಿತು. ಹಿಂಡಿನ ಹಿಂದೆ ನಡೆದವರಿಗೆ ವಸ್ತಿ ಅಂದರೆ ಒಂದು ರಾತ್ರಿಯ ತಂಗು. ರಾತ್ರಿ ಊರಲ್ಲೇ ನಿಂತು ಬೆಳಿಗ್ಗೆ ಹೊರಡುವ ಬಸ್ಸಿಗೆ ನಾವೂ ವಸ್ತಿ ಗಾಡಿ ಅನ್ನುತ್ತೇವಲ್ಲ! ಬಸ್ಸಿಗೆ ಹೇಳುವುದು ಮನುಷ್ಯರಿಗೂ ಹೇಳುತ್ತಾರೆ ಅಂತ ನನ್ನ ತಲೆಗೆ ಬಂದಿರಲಿಲ್ಲ. ಹೊಲ ಹಿಡಿದವರ ಮಗಳು ನಾನು, ಕುರಿ ಹಿಡಿದವರ ಹೆಂಡತಿ ಅವರು. ಒಂದೇ ಕುಲ, ಒಂದೇ ದೇವರು, ಒಂದೇ ಶಬ್ದ.

ಸಿಟ್ಟೆಲ್ಲ ಬಚ್ಚಲ ಹತ್ತಿರ ಹಲ್ಲು ತಿಕ್ಕುತ್ತಿದ್ದ ಗಂಡನ ಮೇಲೆ ತಿರುಗಿತು. ‘ನಿಮಗ ಗೊತ್ತಿತ್ತಲ್ಲ, ವಸ್ತಿ ಅಂದ್ರ ಏನಂತ?’

‘ಅವ್ವ ಏನಂದ್ಳೋ ಅದನ್ನ ಹೇಳೀನಿ’ ಅಂದರು, ಬಾಯಲ್ಲಿ ಬ್ರಶ್ಶು ಇಟ್ಟುಕೊಂಡೇ. ‘ಒಮ್ಮಿ ಬಂದ್ರ ಇರ್ತಾಳ ಅಂದ್ಕೊಂಡೆ.’

‘ಅಡ್ಡಗ್ವಾಡಿ ಮ್ಯಾಲ ದೀಪ ಇಟ್ಟಂಗ ಹೇಳೀರಿ! ನಂದು ನೌಕರಿ ಹೋಗ್ತೈತಿ ಇವತ್ತ, ಗೊತ್ತೇನು? ಹುಡುಗೀನ ಯಾರು ನೋಡೂದು? ಈ ಗಿಡ ನೋಡ್ತೈತಿ?’

ಅವರು ಸುಮ್ಮನೆ ಬಾಯಿ ಮುಕ್ಕಳಿಸಿದರು. ನಾನು ತಿರುಗಿದರೆ ಅತ್ತೆ ಅಂಗಳ ದಾಟಿ ಓಣಿಯಲ್ಲಿದ್ದರು. ಎಷ್ಟಾದರೂ ಕುರಿಯವರ ಕಾಲು. ನಾನು ಅವರನ್ನು ಮುಟ್ಟುವಷ್ಟರಲ್ಲಿ ರಸ್ತೆ ಬಂದುಬಿಟ್ಟಿತ್ತು. ಅಕ್ಕಲಕೋಟಕ್ಕೆ ಹೋಗುವವರು ಆ ಬದಿಗೆ ನಿಲ್ಲುತ್ತಾರೆ, ಸೋಲಾಪುರಕ್ಕೆ ಹೋಗುವವರು ಈ ಬದಿಗೆ. ಅತ್ತೆ ಆ ಬದಿಗೆ ನಿಂತಿದ್ದರು. ನಾನು ರಸ್ತೆ ದಾಟಿ ಅವರ ಎದುರು ನಿಂತೆ. ಬೆನ್ನ ಹಿಂದೆ ನನ್ನ ಸೋಲಾಪುರದ ಬಸ್ಸು ಬಂತು, ನಿಂತಿತು.

‘ನಿನ್ನ ಗಾಡಿ ಬಂತು, ಹೋಗು’ ಅಂದರು ಅತ್ತೆ.

‘ಬರ್ಲಿ!’

ಬಸ್ಸು ಹೋಯಿತು. ಅದರ ಹಿಂದಿನ ಬಸ್ಸು ತಪ್ಪಿದರೆ ಮೇಟ್ರನ್ ಮುಖ ನೋಡುವಂತಿಲ್ಲ.

‘ಅತ್ತಿ, ಅಲ್ಲಿ ನಿಮಗ ಏನು ಕೆಲಸ ಬಾಕಿ ಐತಿ ಹೇಳ್ರಿ. ಅಡಗಿ ದೊಡ್ಡಕ್ಕ ಮಾಡ್ತಾಳ. ಮಾವ ಹಿಂಡಿನ ಹಿಂದ ಹೋಗ್ಯಾರ. ಯಾಕ ಹಿಂಗ ಓಡಾಕತ್ತೀರಿ?’

‘ಓಡೂದಲ್ಲವಾ, ಏಳೂದು.’ ಅತ್ತೆ ಚೀಲವನ್ನು ಕೆಳಗಿಟ್ಟರು. ‘ನಾ ನಿಮ್ಮ ಮಾವನ ಕೂಡ ಕುರಿ ಹಿಂದ ತಿರಗ್ಯಾಕಿ. ಹೊಲದವ ತಾನ ಬಂದು, ಇವತ್ತ ನಮ್ಮ ಹೊಲದಾಗ ವಸ್ತಿ ಹಾಕ್ರಿ ಅಂತಿದ್ದ. ಹಾಕ್ತಿದ್ದಿವಿ. ಗೊಬ್ಬರ ಆಗ್ತಿತ್ತು, ಅಂವ ಜ್ವಾಳ ಕೊಡ್ತಿದ್ದ. ಇನ್ನ ಇರ್ರಿ ಅಂದ್ರ ಇರ್ತಿದ್ದಿವಿ, ಸುಮ್ಮಕಿದ್ರ ಅಂವ ಬಾಯಿ ಬಿಡೂದ್ರಾಗ ಎದ್ದು ಹೋಗ್ತಿದ್ದಿವಿ. ಮೊದಲನೇ ದಿನ ಕುರಿ ಹಾಕಿದ್ದು ಗೊಬ್ಬರ, ನಾಕನೇ ದಿನ ಹಾಕಿದ್ದು ಹೊಲಸು. ಅದೇ ಕುರಿ, ಅದೇ ಹೊಲ.’

‘ಇದೇನು ಹೊಲ ಏನ್ರಿ? ಮನಿ!’

‘ಮನಿ ಆದ್ರ ಇನ್ನಾ ಲಗೂನ ಏಳಬೇಕು.’

‘ನಾ ನಿಮಗ ಹೋಗ್ರಿ ಅಂದೇನೇನು?’ ನನ್ನ ಧ್ವನಿಗೆ ಅಲ್ಲಿ ನಿಂತಿದ್ದವರೆಲ್ಲ ತಿರುಗಿ ನೋಡಿದರು.

‘ಇಲ್ಲ’ ಅಂದರು ಅತ್ತೆ. ‘ಇರ್ರಿ ಅಂತನೂ ಅಂದಿಲ್ಲ.’

ನೀರಿನ ಬಗ್ಗೆ ಕೇಳಿದ್ದೆ, ಹಾವಿನ ಬಗ್ಗೆ ಕೇಳಿದ್ದೆ, ಬಸ್ಸು, ಬಾಲವಾಡಿ, ಕರಂಟು, ಫೋನಿನ ರೇಂಜು, ಒಂದನ್ನೂ ಬಿಟ್ಟಿರಲಿಲ್ಲ. ಚಹಾದಂಗಡಿಯವನಿಗೂ ಈ ಊರು ಹೇಗಪ್ಪ ಅಂತ ಕೇಳಿದ್ದೆ. ಯಾರ ಮೇಲೆ ಈ ಮನೆ ನಿಂತಿತ್ತೋ ಅವರು ಪ್ರತಿಸಲವೂ ನನ್ನ ಮಗ್ಗುಲಲ್ಲೇ ಇದ್ದರು. ಅವರೊಬ್ಬರನ್ನು ಕೇಳಿರಲಿಲ್ಲ.

‘ನನಗ ಅಂಜಿಕಿ ಆಗಿತ್ರಿ’ ಅಂದೆ. ‘ಎಲ್ಲಿ ಇಲ್ಲ ಅಂತೀರೋ ಅಂತ.’

‘ನಿನಗ? ಅಂಜಿಕಿ?’ ಅತ್ತೆಗೆ ನಗು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

‘ಈಗ ಅಂತೀನಿ. ಇರ್ರಿ ಅತ್ತಿ. ನನಗ ನೀವು ಬೇಕು.’

ನಗು ನಿಂತಿತು. ಅವರು ನನ್ನನ್ನು ಅಳೆಯುವವರ ಹಾಗೆ ನೋಡಿದರು. ‘ಎಷ್ಟು ವಸ್ತಿ?’

ಇದಕ್ಕೆ ಏನು ಹೇಳಬೇಕು? ಒಂದು ಅಂದರೆ ನಾಳೆ ಬೆಳಿಗ್ಗೆ ಮತ್ತೆ ಇದೇ ರಸ್ತೆ, ಇದೇ ಚೀಲ. ಕಾಯಂ ಇರ್ರಿ ಅಂದರೆ ನಂಬುವವರಲ್ಲ. ಇರ್ರಿ ಇರ್ರಿ ಅಂದ ಹೊಲದವರು ನಾಲ್ಕನೆಯ ದಿನ ಹೇಗೆ ಮುಖ ತಿರುಗಿಸಿದರು ಅಂತ ಕಂಡವರು. ಹಾಗೆಂದರೂ ತಪ್ಪು, ಹೀಗೆಂದರೂ ತಪ್ಪು. ದೂರದಲ್ಲಿ ಅಕ್ಕಲಕೋಟದ ಬಸ್ಸಿನ ಕೆಂಪು ಕಂಡಿತು. ತಿಳಿಯಲಿಲ್ಲ ಅಂತಲೇ ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ.

‘ನಾ ಏಳ್ರಿ ಅನ್ನೂತನಾ.’

‘ಅಂತಿಯೇನು? ಖರೇನ?’

‘ಅಂತೀನ್ರಿ! ನನಗ ಬ್ಯಾಡಾದ ದಿನ ನಿಮ್ಮ ಮಾರಿ ಮ್ಯಾಲೇ ಅಂತೀನಿ. ಓಣಿಗೆಲ್ಲ ಕೇಳೂಹಂಗ ಅಂತೀನಿ. ಅಲ್ಲೀತನಾ ನೀವು ಈ ಚೀಲ ಮುಟ್ಟಬ್ಯಾಡ್ರಿ!’

ಬಸ್ಸು ಬಂದು ನಿಂತಿತು. ಕಂಡಕ್ಟರು ಬಾಗಿಲು ಬಡಿದು ‘ಚಲಾ ಮಾವಶಿ, ಬಸಾ’ ಅಂದ. ಅತ್ತೆ ಅವನ ಕಡೆ ನೋಡಲಿಲ್ಲ, ಕೈ ಬೀಸಿ ‘ಹೋಗಪಾ’ ಅಂದರು. ಅವನು ಗೊಣಗುತ್ತ ಗಂಟೆ ಹೊಡೆದ.

‘ಹೂಂ. ನೀ ಅಂತಿ’ ಅಂದರು ಅತ್ತೆ. ಬಸ್ಸಿನ ಧೂಳಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದರು. ‘ಮೈಲಾರಿ ಅನ್ನಾಂವಲ್ಲ. ಬ್ಯಾಡಾದ್ರೂ ಮಾರಿ ಸಣ್ಣದು ಮಾಡ್ಕೊಂಡು ಅಡ್ಡಾಡ್ತಾನ, ನಾವ ತಿಳ್ಕೋಬೇಕು. ದೊಡ್ಡ ಸೊಸಿ ಬಾಯಾಗ ಸಕ್ರಿ, ಒಳಗೇನೈತಿ ತಿಳ್ಯಂಗಿಲ್ಲ. ಅಲ್ಲಿ ನಾ ಒಂದ ಕಣ್ಣ ತಗದು ಮಲಗ್ತೀನಿ. ನೀ ಹಂಗಲ್ಲ. ನಿಂದು ಬಾಯಿ ಕೆಟ್ಟದ್ದು, ಹೊಟ್ಯಾಗೊಂದು ಬಾಯಾಗೊಂದು ಇಲ್ಲ. ನಿನ್ನ ಮನ್ಯಾಗ ನಿದ್ದಿ ಮಾಡಬಹುದು.’

ಚೀಲವನ್ನು ಎತ್ತಿ ನನ್ನ ಕೈಗೆ ಕೊಡಲಿಲ್ಲ, ತಾವೇ ಕಂಕುಳಿಗೆ ಸಿಕ್ಕಿಸಿಕೊಂಡರು. ‘ಹುಡುಗಿ ಎದ್ದಿರ್ತೈತಿ’ ಅಂತ ಓಣಿಯ ಕಡೆ ತಿರುಗಿ ನಡೆದರು. ಹಿಂದಿರುಗಿ ನೋಡಲೂ ಇಲ್ಲ.

ನಾನು ರಸ್ತೆ ದಾಟಿ ಈ ಬದಿಗೆ ಬಂದೆ. ಸೋಲಾಪುರದ ಬಸ್ಸು ಬಂತು, ಹತ್ತಿದೆ. ಅವರು ನನ್ನನ್ನು ಹೊಗಳಿದರೋ ಬೈದರೋ ತಿಳಿಯಲಿಲ್ಲ. ನಾಳೆ ಇರುತ್ತಾರೋ ಇಲ್ಲವೋ ಅದೂ ಪೂರ್ತಿ ತಿಳಿಯಲಿಲ್ಲ. ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಪಾಸು ಹಿಡಿದುಕೊಂಡು ಕೂತು, ಕುಂಭಾರಿ ಬರುವವರೆಗೂ ಅತ್ತೆಯ ಮಾತನ್ನೇ ತಿರುವಿ ತಿರುವಿ ನೋಡಿದೆ.